ಸಾರಿನ ಕೆಂಪು ಯಾವ ನೆಲದ್ದು?

ಮಕ್ಕಳ ಪರೀಕ್ಷೆ ಮುಗಿದು ಬೇಸಿಗೆಯ ರಜೆ ಆರಂಭವಾಯಿತೆಂದರೆ ನಮ್ಮ ಬಯಲುಸೀಮೆಯ ಕುಟುಂಬಗಳಿಗೆ ಕಡಲಿನ ನೆನಪಾಗುತ್ತದೆ. ಮೆಣಸಗಿ, ಹೊಳೆಆಲೂರು, ರೋಣ, ನರಗುಂದಗಳಿಂದ ಹೊರಟ ವಾಹನಗಳು ಹುಬ್ಬಳ್ಳಿಯನ್ನು ದಾಟಿ, ಅರಬೈಲು ಘಟ್ಟವನ್ನು ಇಳಿದು ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಮಲ್ಪೆಗೋ ಸಾಗುತ್ತವೆ. ಮಳೆಗಾಗಿ ಆಕಾಶವನ್ನೇ ನೋಡುತ್ತ ಬದುಕುವ ಜನಕ್ಕೆ ಕಣ್ಣು ಹಾಯುವವರೆಗೂ ನೀರನ್ನು ಕಾಣುವುದು ಸಣ್ಣ ಸಂತೋಷವಲ್ಲ. ಅದನ್ನು ಆಕ್ಷೇಪಿಸಲು ನಾನು ಲೇಖನಿ ಹಿಡಿದಿಲ್ಲ. ನನ್ನ ತಕರಾರು ಆ ಪ್ರವಾಸದ ಊಟದ ತಟ್ಟೆಯ ಕುರಿತಾದದ್ದು.

ಇಂದು ಊಟವೇ ಪ್ರವಾಸದ ಉದ್ದೇಶವಾಗಿದೆ. ಕಡಲತೀರದ ದಾರಿಯುದ್ದಕ್ಕೂ ಫಲಕಗಳು 'ಸ್ಥಳೀಯ ರುಚಿ', 'ಕರಾವಳಿಯ ಅಪ್ಪಟ ಊಟ' ಎಂದು ಕೂಗುತ್ತವೆ. ಕೋರಿ ರೊಟ್ಟಿ, ಬಂಗುಡೆ ಪುಳಿಮುಂಚಿ, ಕುಂದಾಪುರದ ಗೀ ರೋಸ್ಟ್ ಇವುಗಳ ಖ್ಯಾತಿ ಇಂದು ಹೊರನಾಡುಗಳಿಗೂ ಹಬ್ಬಿದೆ. ಆದರೆ ಆ ಸಾರಿನ ಕೆಂಪು ಯಾವ ನೆಲದ್ದೆಂದು ಎಂದಾದರೂ ಕೇಳಿದ್ದೀರಾ? ಅದು ಕಡಲಿನದಲ್ಲ, ಘಟ್ಟದ ಮೇಲಿನದು. ಹಾವೇರಿ, ಧಾರವಾಡ, ಗದಗ ಜಿಲ್ಲೆಗಳ ಹೊಲಗಳಲ್ಲಿ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಅದು. ಖಾರ ಕಡಿಮೆ, ಬಣ್ಣ ದಟ್ಟ, ಸಿಪ್ಪೆ ಸುಕ್ಕು. ಈ ಗುಣಗಳಿಗಾಗಿಯೇ 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ನಮ್ಮ ಹಿರಿಯರು ಅದನ್ನು ಉಳ್ಳಾಗಡ್ಡಿ ಮತ್ತು ಹತ್ತಿಯ ಜೊತೆ ಒಂದೇ ಹೊಲದಲ್ಲಿ ಬೆಳೆಯುತ್ತಿದ್ದರು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂಬ ವಿವೇಕ ಅದರಲ್ಲಿತ್ತು.

ಅಂದರೆ, 'ಸ್ಥಳೀಯ'ವೆಂದು ಕೊಂಡಾಡಲಾಗುವ ಅಡುಗೆಯಲ್ಲಿ ದೂರದ ರೈತನ ಬೆವರೂ ಇದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಘಟ್ಟದ ಮೇಲಿನವರೂ ಕೆಳಗಿನವರೂ ಬಹುಕಾಲದಿಂದ ಒಬ್ಬರ ಬೆಳೆಯನ್ನು ಇನ್ನೊಬ್ಬರು ಉಂಡು ಬಂದಿದ್ದಾರೆ. ನಾಚಿಕೆಯ ಸಂಗತಿ ಬೇರೆ. ರುಚಿಗೆ ಹೆಸರಿದೆ, ಹೋಟೆಲಿಗೆ ಹೆಸರಿದೆ, ತಿಂದು ಬಂದು ಬಣ್ಣಿಸುವವನಿಗೂ ಹೆಸರಿದೆ. ಬೆಳೆದವನಿಗೆ ಮಾತ್ರ ಹೆಸರಿಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದರ ಕುಸಿದಾಗ ಆಕ್ರೋಶ ಸ್ಫೋಟಿಸಿ, ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿ ಬಿದ್ದಿತು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಆ ವಾರ ಕರಾವಳಿಯ ಯಾವ ಊಟದ ಮನೆಯಲ್ಲಿ, ಯಾವ ಪ್ರವಾಸಿಯ ಗಂಟಲಲ್ಲಿ ತುತ್ತು ಸಿಕ್ಕಿಕೊಂಡಿತು?

ಕರಾವಳಿಯ ಬೆಳೆಗಾರನ ಸ್ಥಿತಿಯಾದರೂ ಉತ್ತಮವೇ? ಕುಮಟಾದ ಬಳಿ ಅಘನಾಶಿನಿ ನದಿ ಕಡಲನ್ನು ಸೇರುವ ಅಳಿವೆಯಲ್ಲಿ ಗಜನಿ ಗದ್ದೆಗಳಿವೆ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತ ಅಲ್ಲಿಯದು. ಒಡ್ಡುಗಳ ದುರಸ್ತಿ ನಿಂತು, ಸಿಗಡಿ ಸಾಕಣೆಯ ಆಸೆ ಹಬ್ಬಿ, ಕಗ್ಗದ ಗದ್ದೆಗಳು ಕುಗ್ಗಿದವು. ಅದೇ ಅಳಿವೆಯಲ್ಲಿ ಇಳಿತದ ಹೊತ್ತು ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಬಳಚು ಆರಿಸುತ್ತಾರೆ. ಪಕ್ಕದ ಸಾಣಿಕಟ್ಟೆಯಲ್ಲಿ ಇಂದಿಗೂ ಉಪ್ಪಿನ ಆಗರಗಳಿವೆ. ಅಂಕೋಲೆಯಲ್ಲಿ ಕರಿ ಈಶಾಡು ಮಾವಿದೆ. 2023ರಲ್ಲಿ ಅದಕ್ಕೂ ಭೌಗೋಳಿಕ ಗುರುತು ಸಿಕ್ಕಿತು. ಉಡುಪಿಯ ಹತ್ತಿರ ಮಟ್ಟು ಗುಳ್ಳವಿದೆ. ಮುಂದಿನ ಬಾರಿ 'ಅಪ್ಪಟ ಕರಾವಳಿ' ಎಂಬ ಫಲಕದ ಕೆಳಗೆ ಕುಳಿತಾಗ ಕೇಳಿ ನೋಡಿ: ಈ ಅನ್ನ ಕಗ್ಗದ್ದೇ? ಈ ಉಪ್ಪು ಸಾಣಿಕಟ್ಟೆಯದೇ? ಬಡಿಸುವವನು ತಬ್ಬಿಬ್ಬಾದರೆ ತಪ್ಪು ಅವನದಲ್ಲ. ಆ ಪ್ರಶ್ನೆಯನ್ನು ಅವನಿಗೆ ಹಿಂದೆ ಯಾರೂ ಕೇಳಿರಲಿಕ್ಕಿಲ್ಲ.

ಮೀನಿನ ಕಥೆಯೂ ಇದೇ. ಮೀನುಗಳು ಮರಿಮಾಡುವ ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆದರೂ ಜುಲೈ ತಿಂಗಳಲ್ಲಿ ಹೋದ ಪ್ರವಾಸಿಗೆ ದೊಡ್ಡ ಅಂಜಲವೇ ಬೇಕು, ಅದೂ ತಾಜಾ ಬೇಕು! ಕಡಲಿಗೂ ಒಂದು ವಿಶ್ರಾಂತಿಯ ಕಾಲವಿದೆ ಎಂಬುದನ್ನು ನಮ್ಮ ನಾಲಿಗೆ ಒಪ್ಪುವುದಿಲ್ಲ. ಭೂಮಿಗೂ ಏಳನೆಯ ವರ್ಷ ವಿಶ್ರಾಂತಿ ಕೊಡಬೇಕೆಂದು ವಿಧಿಸಿದ ಧರ್ಮಗ್ರಂಥವನ್ನು ಪ್ರತಿ ಭಾನುವಾರ ಕೇಳುವ ನಾವು ಕಡಲಿಗೆ ಎರಡು ತಿಂಗಳ ವಿರಾಮವನ್ನೂ ಸಹಿಸಲಾರೆವೆ?

'ಪ್ರವಾಸೋದ್ಯಮದಿಂದ ಬಡವರಿಗೆ ಕೆಲಸ ಸಿಗುತ್ತದೆ. ರಜೆಗೆ ಹೋದವನು ಊಟದ ಲೆಕ್ಕಪರಿಶೋಧನೆ ಮಾಡಬೇಕೇ?' ಎಂದು ನೀವು ಕೇಳಬಹುದು. ಕೆಲಸ ಸಿಗುತ್ತದೆಂಬುದು ನಿಜ. ವರ್ಷವಿಡೀ ಸಾವಿರಾರು ಜನರಿಗೆ ಕಗ್ಗದ ಅನ್ನವನ್ನೇ ಬಡಿಸಲು ಆಗದೆಂಬುದೂ ನಿಜ. ಆದರೆ ಯಾವುದು ಇಲ್ಲಿಯದಲ್ಲವೋ ಅದನ್ನು ಇಲ್ಲಿಯದೆಂದು ಮಾರುವುದು ಸುಳ್ಳು. ಯಾವುದು ಇಲ್ಲಿಯದೋ ಅದನ್ನು ಕೇಳುವವರಿಲ್ಲದೆ ಸಾಯಬಿಡುವುದು ಅನ್ಯಾಯ. ಕೊಳ್ಳುವ ಕ್ರಿಯೆ ಬರೀ ಆರ್ಥಿಕವಲ್ಲ, ಅದು ನೈತಿಕವೂ ಹೌದೆಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2009ರ ತಮ್ಮ ವಿಶ್ವಪತ್ರದಲ್ಲಿ ಬರೆದರು. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸೀ'ಯಲ್ಲಿ ಅದನ್ನೇ ಮತ್ತೆ ನೆನಪಿಸಿದರು. ರಜೆಯ ದಿನಗಳಿಗೆ ಅವರು ವಿನಾಯಿತಿ ನೀಡಲಿಲ್ಲ.

ಇಷ್ಟು ಹೇಳಿ ಕರಾವಳಿಯವರತ್ತ ಬೆರಳು ತೋರಿಸಿ ಸುಮ್ಮನಾದರೆ ಅದು ಫರಿಸಾಯತನವಾದೀತು. ನಮ್ಮ ಮನೆಯ ಮಾತಿಗೆ ಬರೋಣ. ಬೆಣ್ಣೆಹಳ್ಳ ಮಲಪ್ರಭೆಯನ್ನು ಕೂಡುವ ಮೆಣಸಗಿಯ ಸೀಮೆ ಬಿಳಿಜೋಳದ ಸೀಮೆ. ಹಿಂಗಾರಿನಲ್ಲಿ ಬಿತ್ತಿದರೆ ಎರೆಭೂಮಿ ಹಿಡಿದಿಟ್ಟ ತೇವವನ್ನೇ ಕುಡಿದು ಚಳಿಗಾಲದಲ್ಲಿ ತೆನೆ ಬಿಡುವ ಧಾನ್ಯ ಅದು. ಮನುಷ್ಯನಿಗೆ ರೊಟ್ಟಿ, ಎತ್ತಿಗೆ ಕಣಿಕೆ. 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ ಉಕ್ಕಿ ದಂಡೆಯ ಊರುಗಳನ್ನು ನುಂಗಿದಾಗ ಸುತ್ತಲ ಊರುಗಳು ಬುತ್ತಿ ಕಟ್ಟಿ ಕಳಿಸಿದ್ದು ಅದೇ ರೊಟ್ಟಿಯನ್ನು. ಆದರೆ ಮದುವೆ ಬಂತೆಂದರೆ, ಧರ್ಮಕೇಂದ್ರದ ಹಬ್ಬ ಬಂತೆಂದರೆ ನಾವು ಬಡಿಸುವುದೇನು? ಬಿಳಿ ಅನ್ನ, ಗೋಬಿ ಮಂಚೂರಿ, ಬಣ್ಣ ಹಾಕಿದ ಪಲಾವು. ರೊಟ್ಟಿ ಬಡಿಸಿದರೆ ಬೀಗರು ಏನೆಂದಾರೆಂಬ ಅಂಜಿಕೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಜೋಳವನ್ನು ವೇದಿಕೆಯ ಮೇಲೆ ಕೊಂಡಾಡಿದೆವು. ಕೆಳಗಿಳಿದು ಅನ್ನವನ್ನೇ ಉಂಡೆವು. ಬಾದಾಮಿ, ಪಟ್ಟದಕಲ್ಲುಗಳಿಗೆ ಬಂದ ದೂರದ ಪ್ರವಾಸಿ ಖಾನಾವಳಿಯಲ್ಲಿ ಕುಳಿತು ಬಿಸಿರೊಟ್ಟಿ ಬಯಸುವಾಗ ನಾವು ಅದನ್ನು ಬಡತನದ ಗುರುತೆಂದು ಮುಚ್ಚಿಡುತ್ತೇವೆ. ನಮ್ಮ ಬೆಳೆಯನ್ನು ನಾವೇ ಗೌರವಿಸದೆ ಪರರಿಂದ ಗೌರವ ಬೇಡುವುದು ಹೇಗೆ?

ಗಲಿಲೇಯದ ಸರೋವರದ ತೀರದಲ್ಲಿ ಯೇಸುಸ್ವಾಮಿ ಐದು ಸಾವಿರ ಜನರಿಗೆ ಉಣಿಸಿದ ಪ್ರಸಂಗ ನಿಮಗೆ ಗೊತ್ತು. ಆ ರೊಟ್ಟಿಗಳು ಜವೆಗೋಧಿಯವು ಎಂಬುದನ್ನು ಸಂತ ಯೊವಾನ್ನರು ಮರೆಯದೆ ದಾಖಲಿಸಿದ್ದಾರೆ (6:9). ಜವೆಗೋಧಿ ಆ ನಾಡಿನ ಬಡವರ ಧಾನ್ಯ, ನಮ್ಮ ಜೋಳವಿದ್ದಂತೆ. ಅವು ಒಬ್ಬ ಹುಡುಗನ ಬುತ್ತಿಯಿಂದ ಬಂದವೆಂಬುದನ್ನೂ ಬರೆದಿದ್ದಾರೆ. ಪ್ರಭು ಶ್ರೀಮಂತರ ಗೋಧಿಯನ್ನು ಪಟ್ಟಣದಿಂದ ತರಿಸಲಿಲ್ಲ. ಅಲ್ಲಿ ಇದ್ದದ್ದನ್ನು ಕೈಗೆತ್ತಿಕೊಂಡು, ಮೊದಲು ಸ್ತೋತ್ರ ಸಲ್ಲಿಸಿ, ಬಳಿಕ ಹಂಚಿದರು. ಉಳಿದ ತುಂಡುಗಳನ್ನೂ ಕೂಡಿಸಿಡಲು ಹೇಳಿದರು. ಪುನರುತ್ಥಾನದ ಬಳಿಕ ಅದೇ ತೀರದಲ್ಲಿ ಕೆಂಡದ ಮೇಲೆ ಮೀನು ಸುಡುತ್ತಿದ್ದಾಗಲೂ, ಶಿಷ್ಯರು ಆಗತಾನೇ ಹಿಡಿದ ಮೀನುಗಳಲ್ಲಿ ಕೆಲವನ್ನು ತರಲು ಹೇಳಿದರು (21:10). ದುಡಿದವರ ದುಡಿಮೆಗೆ ಆ ಊಟದಲ್ಲಿ ಸ್ಥಾನವಿತ್ತು. ಪ್ರತಿ ಬಲಿಪೂಜೆಯಲ್ಲಿ ರೊಟ್ಟಿಯನ್ನು ಕಾಣಿಕೆಯಾಗಿ ಎತ್ತುವಾಗ ಅದು ಭೂಮಿಯ ಫಲವೆಂದೂ ಮಾನವರ ದುಡಿಮೆಯೆಂದೂ ನಾವು ಒಪ್ಪಿಕೊಳ್ಳುತ್ತೇವೆ. ಗುಡಿಯ ಹೊರಗೆ ಬಂದೊಡನೆ ಆ ಭೂಮಿ ಯಾವುದು, ಆ ದುಡಿಮೆ ಯಾರದು ಎಂಬುದನ್ನು ಮರೆಯುವ ಹಕ್ಕು ನಮಗಿದೆಯೇ?

ಆದುದರಿಂದ ಬಂಧುಗಳೇ, ಅವಶ್ಯವಾಗಿ ಕಡಲಿಗೆ ಹೋಗಿ, ಸಂತೋಷದಿಂದ ಉಣ್ಣಿ. ಆದರೆ ಉಣ್ಣುವ ಮುನ್ನ ಇದು ಎಲ್ಲಿಯದು, ಯಾರು ಬೆಳೆದದ್ದು ಎಂದು ಕೇಳಿ. ಮೇ ತಿಂಗಳಲ್ಲಿ ಅಂಕೋಲೆಯ ದಾರಿ ಹಿಡಿದಾಗ ಬೆಳೆಗಾರನ ಬುಟ್ಟಿಯಿಂದಲೇ ಮಾವು ಕೊಳ್ಳಿ, ಚೌಕಾಸಿ ಬೇಡ. ಮಳೆಗಾಲದಲ್ಲಿ ಮೀನಿಲ್ಲವೆಂದರೆ ಗೊಣಗದೆ ಗಂಜಿ, ಉಪ್ಪಿನಕಾಯಿ ಉಣ್ಣಿ. ಊರಿಗೆ ಮರಳಿದ ಮೇಲೆ, ಮುಂದಿನ ಧರ್ಮಕೇಂದ್ರದ ಹಬ್ಬದಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿಯನ್ನು ತಲೆಯೆತ್ತಿ ಬಡಿಸಿ. ಜೋಳವನ್ನೂ ಮೆಣಸಿನಕಾಯಿಯನ್ನೂ ಊರಿನ ರೈತನಿಂದಲೇ, ಅವನು ಹೇಳಿದ ಬೆಲೆಗೆ ಕೊಳ್ಳಿ. ಬೀಗರು ಏನಾದರೂ ಅಂದರೆ, ಪ್ರಭುವಿನ ಕೈಯಲ್ಲಿದ್ದದ್ದೂ ಬಡವರ ರೊಟ್ಟಿಯೇ ಎಂದು ಹೇಳಿ, ಇನ್ನೊಂದನ್ನು ಬಡಿಸಿ.