ಯಂತ್ರ ಬಿಡಿಸಿದ ಆಟ ಮಕ್ಕಳಿಗೇಕೆ?

ಚಾಕಣದಲ್ಲಿ ನೆಲೆಸಿರುವ ನಾವು ಕೆಲವು ಕನ್ನಡ ಕುಟುಂಬದವರು ಈಚೆಗೆ ಒಂದು ಸಣ್ಣ ಬೇಡಿಕೆಯನ್ನು ಮುಂದಿಟ್ಟಿದ್ದೆವು. ಭಾನುವಾರದ ಕನ್ನಡ ತರಗತಿ ಮುಗಿದ ಮೇಲೆ ಒಂದು ಗಂಟೆ ಮಕ್ಕಳು ಮಣೆಯ ಆಟಗಳನ್ನು ಆಡಲಿ: ನಮ್ಮ ಹುಲಿ-ಕುರಿ, ಸಾಲುಮನೆ, ಅಳಿಗುಳಿಮಣೆ, ಜೊತೆಗೆ ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆದ 'ಗೋ' ಆಟದ ಐದು ಗೆರೆಗಳ ಪುಟ್ಟ ಮಣೆ. ಖರ್ಚು ಇಲ್ಲವೆಂದೇ ಹೇಳಬೇಕು. ಒಂದು ತುಂಡು ಸೀಮೆಸುಣ್ಣ, ಒಂದು ಹಿಡಿ ಹುಣಿಸೆಬೀಜ, ಒಂದಿಷ್ಟು ಕವಡೆ. ಇದಕ್ಕೆ ಹಿರಿಯ ಸದಸ್ಯರೊಬ್ಬರು ಕೊಟ್ಟ ಉತ್ತರ ಹೀಗಿತ್ತು: "ಇವನ್ನೆಲ್ಲ ಕಂಪ್ಯೂಟರು ಎಂದೋ ಬಿಡಿಸಿ ಮುಗಿಸಿದೆ. ಮುಗಿದುಹೋದ ಆಟವನ್ನು ಮಕ್ಕಳ ಕೈಗೆ ಕೊಟ್ಟು ಏನು ಸಾಧಿಸುತ್ತೀರಿ? ಆ ಹೊತ್ತಿನಲ್ಲಿ ಕೋಡಿಂಗ್ ಕಲಿಸೋಣ." ಸಭೆ ತಲೆದೂಗಿತು. ನಾವು ತಲೆದೂಗಲಿಲ್ಲ. ಏಕೆಂಬುದನ್ನು ಓದುಗರ ಮುಂದೆ ಇಡುವುದು ನಮ್ಮ ಕರ್ತವ್ಯ.

ಮೊದಲು ಆ ಹಿರಿಯರ ಮಾತಿನಲ್ಲಿ ಇರುವಷ್ಟು ಸತ್ಯವನ್ನು ಒಪ್ಪಿಕೊಳ್ಳೋಣ. ನಾವು ಸಾಲುಮನೆ ಎಂದು ಕರೆಯುವ ಇಪ್ಪತ್ತನಾಲ್ಕು ಬಿಂದುಗಳ ಆಟದ ಯುರೋಪಿನ ರೂಪವನ್ನು ಸ್ವಿಟ್ಜರ್ಲೆಂಡಿನ ರಾಲ್ಫ್ ಗಾಸರ್ 1993ರಲ್ಲಿ ಪೂರ್ತಿ ಬಿಡಿಸಿದರು. ಇಬ್ಬರೂ ತಪ್ಪದೆ ಆಡಿದರೆ ಆಟ ಸಮ. ಅಳಿಗುಳಿಮಣೆಯ ಆಫ್ರಿಕದ ದಾಯಾದಿ ಅವಾರಿಯನ್ನು 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ರೊಮೇನ್ ಮತ್ತು ಬಾಲ್ ಎಂಬವರು 889,063,398,406 ಸ್ಥಿತಿಗಳನ್ನು ಯಂತ್ರದಿಂದ ಲೆಕ್ಕಹಾಕಿಸಿ ಬಿಡಿಸಿದರು, ಅದೂ ಸಮ. ನೇಪಾಳದ ಹುಲಿ-ಆಡಿನ ಆಟವೂ ಸಮವೆಂದು ಸಿದ್ಧವಾಗಿದೆ. ಅದೇ 2002ರಲ್ಲಿ ಹಾಲೆಂಡಿನ ಎರಿಕ್ ವಾನ್ ಡರ್ ವೆರ್ಫ್ ಬರೆದ ಪ್ರೋಗ್ರಾಂ ಐದು ಗೆರೆಯ ಗೋ ಮಣೆಯನ್ನು ಬಿಡಿಸಿತು.

ಗೋ ಆಟ ಚಾಕಣದವರಿಗೆ ತಿಳಿಯುವುದು ಕಷ್ಟವಲ್ಲ. ಅದು ಮುತ್ತಿಗೆಯ ಆಟ. 1660ರಲ್ಲಿ ಶಾಯಿಸ್ತಾಖಾನನ ದೊಡ್ಡ ಸೇನೆ ನಮ್ಮೂರಿನ ಪುಟ್ಟ ಸಂಗ್ರಾಮದುರ್ಗವನ್ನು ಸುತ್ತುಗಟ್ಟಿದ್ದು, ಫಿರಂಗೋಜಿ ನರಸಾಳಾ ವಾರಗಟ್ಟಲೆ ತಡೆದು ನಿಂತದ್ದು ಇಲ್ಲಿ ಎಲ್ಲರಿಗೂ ಗೊತ್ತು. ಗೋ ಆಟದಲ್ಲಿಯೂ ಹಾಗೆಯೇ: ಗೆರೆಗಳು ಕೂಡುವ ಕಡೆ ಒಬ್ಬ ಕಪ್ಪು ಕಲ್ಲು, ಇನ್ನೊಬ್ಬ ಬಿಳಿ ಕಲ್ಲು ಇಡುತ್ತಾ ಹೋಗುತ್ತಾರೆ. ಪಕ್ಕದಲ್ಲಿ ಉಸಿರಾಡಲು ಖಾಲಿ ಮನೆ ಉಳಿಯದ ಕಲ್ಲು ಸತ್ತಂತೆ. ಹೆಚ್ಚು ಮನೆ ಕಟ್ಟಿಕೊಂಡವನು ಗೆದ್ದ. ಮೂರು ಗೆರೆಯ ಮಣೆಯಲ್ಲಿ ಮೊದಲು ಆಡುವ ಕಪ್ಪಿಗೆ ಒಂಬತ್ತಕ್ಕೆ ಒಂಬತ್ತೂ ಮನೆ. ನಾಲ್ಕು ಗೆರೆಯಲ್ಲಿ ಬರೇ ಎರಡು ಮನೆಯ ಗೆಲುವು. ಐದು ಗೆರೆಯಲ್ಲಿ, ನಟ್ಟನಡುವೆ ಕಲ್ಲಿಟ್ಟು ಆರಂಭಿಸಿದರೆ, ಮತ್ತೆ ಇಪ್ಪತ್ತೈದಕ್ಕೆ ಇಪ್ಪತ್ತೈದು. ಇದು ಯಂತ್ರದ ತೀರ್ಪು.

ಆದರೆ "ಇವನ್ನೆಲ್ಲ" ಎಂಬ ಮಾತಿಗೆ ನಮ್ಮ ಆಕ್ಷೇಪವಿದೆ. ಬಿಡಿಸಿರುವುದು ಸಣ್ಣ ಮಣೆಗಳನ್ನು ಮಾತ್ರ. 2016ರ ಮಾರ್ಚಿನಲ್ಲಿ ಆಲ್ಫಾಗೋ ಎಂಬ ಪ್ರೋಗ್ರಾಂ ಕೊರಿಯದ ಲೀ ಸೆಡೋಲ್ ಅವರನ್ನು 4-1ರಿಂದ ಸೋಲಿಸಿದ್ದು ಹತ್ತೊಂಬತ್ತು ಗೆರೆಯ ಮಣೆಯಲ್ಲಿ. ಆ ಮಣೆಯನ್ನು ಯಾವ ಯಂತ್ರವೂ ಬಿಡಿಸಿಲ್ಲ. ಗೆಲ್ಲುವುದು ಬೇರೆ, ಬಿಡಿಸುವುದು ಬೇರೆ. ನೇಪಾಳದ ಮಣೆಯಲ್ಲಿ ನಾಲ್ಕು ಹುಲಿ, ಇಪ್ಪತ್ತು ಆಡು. ನಮ್ಮ ಮುಕ್ಕೋನದ ಮಣೆಯಲ್ಲಿ ಮೂರು ಹುಲಿ, ಹದಿನೈದು ಕುರಿ. ನೆರೆಮನೆಯ ಲೆಕ್ಕದ ಉತ್ತರವನ್ನು ನಮ್ಮ ಮನೆಯ ಲೆಕ್ಕಕ್ಕೆ ಬರೆದರೆ ಮೇಷ್ಟ್ರು ಅಂಕ ಕೊಡುತ್ತಾರೆಯೇ?

ಇರಲಿ, ಎಲ್ಲವನ್ನೂ ಬಿಡಿಸಿದೆ ಎಂದೇ ಇಟ್ಟುಕೊಳ್ಳೋಣ. ಆಗಲೂ ವಾದ ನಿಲ್ಲುವುದಿಲ್ಲ. ನಮ್ಮಲ್ಲಿ ಹಲವರು ಇಲ್ಲಿನ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರು. ಅಲ್ಲಿ 'ಗೋ' ಎಂದರೆ ಆಟವಲ್ಲ, ಗೇಜು. ಗೋ ತುದಿ ತೂತಿನೊಳಗೆ ಹೋಗಬೇಕು, ನೋ-ಗೋ ತುದಿ ಹೋಗಬಾರದು. ಇಲ್ಲವಾದರೆ ಮಾಲು ರಿಜೆಕ್ಟ್. ಗೇಜಿನ ತೀರ್ಪು ಖಚಿತ. ಆದರೆ ತೂತು ಏಕೆ ದೊಡ್ಡದಾಯಿತು, ಟೂಲ್ ಸವೆಯಿತೋ, ಹಿಡಿತ ಸಡಿಲವಾಯಿತೋ, ಅದನ್ನು ಗೇಜು ಹೇಳುವುದಿಲ್ಲ. ಅದನ್ನು ಕಂಡುಹಿಡಿಯುವುದು ಯಂತ್ರದ ಮುಂದೆ ನಿಂತ ಮನುಷ್ಯನ ಕೆಲಸ. ಗೇಜು ಇದೆಯೆಂದು ಕೆಲಸಗಾರ ಬೇಡವೆಂದ ಸೂಪರ್‌ವೈಸರನ್ನು ನಾವು ಕಂಡಿಲ್ಲ. ಒಂಬತ್ತು, ಎರಡು, ಇಪ್ಪತ್ತೈದು ಎಂಬ ಅಂಕೆಗಳೂ ಅಂಥ ಗೇಜಿನ ಮಾತೇ. ನಾಲ್ಕು ಗೆರೆಯಲ್ಲಿ ಬಿಳಿ ಉಳಿದುಕೊಳ್ಳುತ್ತದೆ, ಐದರಲ್ಲಿ ಉಳಿಯುವುದಿಲ್ಲ, ಏಕೆ? ಅಂಕೆ ಬಾಯಿ ಬಿಡುವುದಿಲ್ಲ. ಮಣೆಯ ಮುಂದೆ ಕುಳಿತು ಹತ್ತು ಸಲ ಸೋತ ಮಗುವಿಗೆ ಹನ್ನೊಂದನೆಯ ಸಲ ಅದು ಹೊಳೆಯುತ್ತದೆ.

ಕೋಡಿಂಗ್ ಬೇಡವೆಂದು ನಾವು ಹೇಳುತ್ತಿಲ್ಲ. ಕೋಡಿಂಗಿಗೂ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಎಲ್ಲಿದೆ? ಎರಡು ಗೆರೆಯ ಗೋ ಮಣೆಯನ್ನು ತೆಗೆದುಕೊಳ್ಳಿ. ನಾಲ್ಕು ಬಿಂದುಗಳು, ಪ್ರತಿಯೊಂದೂ ಖಾಲಿ, ಕಪ್ಪು ಅಥವಾ ಬಿಳಿ. ಒಟ್ಟು 81 ಸ್ಥಿತಿಗಳು. ನಾಲ್ಕೂ ತುಂಬಿದರೆ ಯಾವ ಕಲ್ಲಿಗೂ ಉಸಿರಿಲ್ಲ. ಹಾಗೆ 16 ಹೋದವು. ಒಂದೇ ಮೂಲೆ ಖಾಲಿಯಿದ್ದು, ಎದುರು ಮೂಲೆಯ ಕಲ್ಲಿನ ಎರಡೂ ಪಕ್ಕದಲ್ಲಿ ಶತ್ರುವೇ ಇದ್ದರೆ ಆ ಕಲ್ಲು ಸತ್ತಂತೆ. ಹಾಗೆ 8 ಹೋದವು. ಉಳಿದದ್ದು 57. ಆರನೆಯ ತರಗತಿಯ ಹುಡುಗಿ ಇದನ್ನು ಹಲಗೆಯ ಮೇಲೆ ಬಿಡಿಸಬಲ್ಲಳು. ಮೂರು ಗೆರೆಗೆ ಹೋದರೆ 12,675. ಐದು ಗೆರೆಗೆ 414,295,148,741. ಕೈ ಎಲ್ಲಿ ಸೋಲುತ್ತದೆ, ಯಂತ್ರ ಏಕೆ ಬೇಕಾಗುತ್ತದೆ ಎಂಬುದು ಅವಳಿಗೆ ಆಗ ತಾನಾಗಿಯೇ ಅರ್ಥವಾಗುತ್ತದೆ. ಆ ವಿದ್ವಾಂಸರೂ ಸಣ್ಣ ಮಣೆಯಿಂದಲೇ ಮೆಟ್ಟಿಲು ಹತ್ತಿದವರು. ನಮ್ಮ ಮಕ್ಕಳು ಮಾತ್ರ ಮೆಟ್ಟಿಲಿಲ್ಲದೆ ಅಟ್ಟಕ್ಕೆ ಹಾರಬೇಕೇ?

ಇನ್ನೊಂದು ಮಾತು. ನಮ್ಮ ಮಕ್ಕಳು ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಟಿವಿಯ ಮುಂದೆ ಹಿಂದಿ. ಕನ್ನಡ ಅವರಿಗೆ ಭಾನುವಾರದ ಪಾಠ. ಮಣೆಗೆ ಎದುರಾಳಿ ಬೇಕು. ಎದುರಾಳಿಯಿದ್ದರೆ ಮಾತು ಬೇಕು. ಕಲಬುರ್ಗಿಯಿಂದಲೋ ವಿಜಯಪುರದಿಂದಲೋ ಬಂದ ಅಜ್ಜಿ ಮಣೆಯ ಮುಂದೆ ಕುಳಿತು "ನಡಿ, ನಿನ್ನ ಹುಲಿ ಕಟ್ಟಿದೆ ನೋಡು" ಎಂದರೆ ಮೊಮ್ಮಗ ಕನ್ನಡದಲ್ಲೇ ಜಗಳ ತೆಗೆಯುತ್ತಾನೆ. ಜಗಳವಾಡಲು ಬರುವ ಭಾಷೆಯೇ ಮನೆಯ ಭಾಷೆ. ಪರದೆಯ ಮುಂದೆ ಒಂಟಿಯಾಗಿ ಕುಳಿತ ಮಗುವಿಗೆ ಈ ಜಗಳ ಎಲ್ಲಿಂದ ಬರಬೇಕು?

ಆದ್ದರಿಂದ ನಮ್ಮ ಬೇಡಿಕೆಯನ್ನು ಮತ್ತೆ ಮುಂದಿಡುತ್ತಿದ್ದೇವೆ: ವಾರಕ್ಕೆ ಒಂದು ಗಂಟೆ, ಎರಡು ಜಮಖಾನ, ಸೀಮೆಸುಣ್ಣ. ಕೋಡಿಂಗ್ ತರಗತಿ ಅದರ ಮರುಗಂಟೆ ನಡೆಯಲಿ. ಮಕ್ಕಳನ್ನು ನಾವೇ ಕರೆತಂದು ಕೂರಿಸುತ್ತೇವೆ.

ಮುಗಿದುಹೋದ ಆಟ ಎನ್ನುವ ಹಿರಿಯರಿಗೆ ಒಂದು ಆದರದ ಆಹ್ವಾನವೂ ಉಂಟು. ಬರುವ ಭಾನುವಾರ ಬಂದು ನಮ್ಮ ಒಂಬತ್ತು ವರ್ಷದ ಹುಡುಗಿಯ ಎದುರು ಐದು ಗೆರೆಯ ಮಣೆಗೆ ಕುಳಿತುಕೊಳ್ಳಲಿ. ಕಪ್ಪು ಕಲ್ಲು ಅವರಿಗೇ ಕೊಡುತ್ತೇವೆ, ಮೊದಲ ನಡೆಯೂ ಅವರದೇ. ಯಂತ್ರದ ಲೆಕ್ಕದಂತೆ ಇಪ್ಪತ್ತೈದು ಮನೆಗಳೂ ಅವರ ಪಾಲಾಗಬೇಕು. ಆಗುತ್ತವೆಯೋ ಇಲ್ಲವೋ, ಸಭಿಕರೇ ನೋಡಲಿ.