ಮುಹೂರ್ತಕ್ಕಷ್ಟೇ ಗಡಿಯಾರವೇ?

ಅಕ್ಕನ ಮದುವೆಯಲ್ಲಿ ಧಾರೆ 10.40ಕ್ಕೆ ಸರಿಯಾಗಿ ನಡೆಯಿತು. ಅಲ್ಲಿಗೆ ಎಲ್ಲರ ಗಡಿಯಾರವೂ ನಿಂತಿತು! ವೇದಿಕೆ ಫೋಟೊಗ್ರಾಫರ್ ಕೈಗೆ ಹೋಯಿತು, ಉಡುಗೊರೆ ಕೊಡುವವರ ಸಾಲು ಕರಗಲೇ ಇಲ್ಲ. ಮೂರನೇ ಪಂಕ್ತಿ ಎದ್ದರೂ ಬೆಳಿಗ್ಗೆಯಿಂದ ಉಪವಾಸವಿದ್ದ ಅಕ್ಕ, ಭಾವ ಊಟಕ್ಕೆ ಕೂತಿರಲಿಲ್ಲ. ಅವರ ಜೊತೆಗೇ ಉಣ್ಣುತ್ತೇನೆಂದು ಹಟ ಹಿಡಿದ ಅಜ್ಜಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿದ್ದವರು ಬೆವರಿ, ಕೈ ನಡುಗಿ ಕುರ್ಚಿಯಲ್ಲೇ ಒರಗಿದರು. ಪಾನಕ ಕುಡಿಸಿದ ಮೇಲೆ ಚೇತರಿಸಿಕೊಂಡರು.

ಅಂದಿನ ವೇಳಾಪಟ್ಟಿ ಬರೆದವನು ಬಿಇ ಓದುವ ನಾನೇ. ಅದರಲ್ಲಿ ನೆಂಟರ ಊಟಕ್ಕೆ ಸಮಯವಿತ್ತು, ಮನೆಯವರ ಊಟಕ್ಕಿರಲಿಲ್ಲ.

ಧಾರೆಯಾದ ಅರ್ಧ ಗಂಟೆಗೆ ಫೋಟೊ ನಿಲ್ಲಿಸಿ, ವಧೂವರರನ್ನೂ ಹಿರಿಯರನ್ನೂ ಎರಡನೇ ಪಂಕ್ತಿಗೆ ಕೂರಿಸಲೇಬೇಕು. ಸಾಲಿನಲ್ಲಿರುವವರಿಗೆ ಬೇಸರವಾದರೆ ಆಗಲಿ. ಮುಂದಿನ ತಿಂಗಳು ಚಿಕ್ಕಪ್ಪನ ಮಗಳ ಮದುವೆ. ಫೋಟೊಗ್ರಾಫರ್‌ಗೆ ಈಗಲೇ ಹೇಳಿಟ್ಟಿದ್ದೇನೆ. ಚಿಕ್ಕಪ್ಪನನ್ನು ಒಪ್ಪಿಸುವುದಷ್ಟೇ ಬಾಕಿ.