ನರಹುಲಿಗೆ ಸುಣ್ಣ ಹಚ್ಚುವ ಮುನ್ನ



ಹೋದ ಬೇಸಿಗೆಯಲ್ಲಿ ಅಮ್ಮ ಹಾಸನದಿಂದ ಸ್ಟಾಕ್‌ಹೋಮಿಗೆ ಬಂದಿದ್ದರು. ಮಗನ ಬೆರಳಿನ ಮೇಲಿದ್ದ ನರಹುಲಿ ನೋಡಿದ್ದೇ ತಡ, "ಸುಣ್ಣಕ್ಕೆ ವಾಷಿಂಗ್ ಸೋಡಾ ಕಲಸಿ ಹಚ್ಚೋ, ಮೂರು ದಿನಕ್ಕೆ ಉದುರಿ ಹೋಗತ್ತೆ" ಅಂದರು. ನಾನು ಆಗಲೇ ವೋರ್ಡ್‌ಸೆಂಟ್ರಾಲ್‌ಗೆ ಫೋನ್ ಮಾಡಿದ್ದೆ. ನರ್ಸ್ ಹೇಳಿದ್ದು ಇಷ್ಟೇ: "ಕಾಯಿರಿ, ತಾನಾಗಿ ಹೋಗುತ್ತೆ." ಇಲ್ಲಿ ಜ್ವರಕ್ಕೂ ಅದೇ ಉತ್ತರ, ನರಹುಲಿಗೂ ಅದೇ ಉತ್ತರ ಅಂತ ನನಗೆ ಸಿಟ್ಟು ಬಂದಿತ್ತು.

ಆದರೆ ಈ ವಿಷಯದಲ್ಲಿ ನರ್ಸ್ ಹೇಳಿದ್ದೇ ಸರಿ. ನರಹುಲಿಗೆ ಕಾರಣ ಎಚ್‌ಪಿವಿ ಎಂಬ ವೈರಸ್. ಮಕ್ಕಳಲ್ಲಿ ಹೆಚ್ಚಿನವು ಎರಡು ವರ್ಷದೊಳಗೆ ತಾವೇ ಮಾಯವಾಗುತ್ತವೆ. ಅವಸರವಿದ್ದರೆ ಅಪೋಟೆಕ್‌ನಲ್ಲಿ ಸ್ಯಾಲಿಸಿಲಿಕ್ ಆಸಿಡ್ ಸಿಗುತ್ತದೆ. ಮುಖಕ್ಕೆ ಹಚ್ಚಬಾರದು, ಮಧುಮೇಹ ಇರುವವರು ಡಾಕ್ಟರನ್ನು ಕೇಳದೆ ಬಳಸಬಾರದು. ಇನ್ನು ಸುಣ್ಣ, ವಾಷಿಂಗ್ ಸೋಡಾ ನೀರಿನಲ್ಲಿ ಸೇರಿದರೆ ಆಗುವುದು ಕಾಸ್ಟಿಕ್ ಸೋಡಾ. ಕಟ್ಟಿಕೊಂಡ ಸಿಂಕ್ ಪೈಪಿಗೆ ಸುರಿಯುವ ವಸ್ತು ಅದು, ಮಗುವಿನ ಬೆರಳಿಗಲ್ಲ.

ನನ್ನ ನಿಜವಾದ ಚಿಂತೆ ದೊಡ್ಡವರದು. ವೈರಸ್ಸಿನ ಗಂಟು, ಕುತ್ತಿಗೆಯಲ್ಲಿ ಜೋತಾಡುವ ನಿರುಪದ್ರವಿ ಸ್ಕಿನ್ ಟ್ಯಾಗ್, ಹೊಸದಾಗಿ ಎದ್ದ ಮಚ್ಚೆ, ಎಲ್ಲಕ್ಕೂ ನಮ್ಮ ಬಾಯಲ್ಲಿ ಒಂದೇ ಹೆಸರು. ಇಲ್ಲಿ ಸರದಿ ಕಾಯುವುದು ಯಾಕೆ ಅಂತ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಹತ್ತು ನಿಮಿಷದಲ್ಲಿ ತೆಗೆಸಿಕೊಂಡು ಬರುತ್ತೇವೆ. ನಾನೂ ಹಾಗೆ ಬೆನ್ನಿನ ಗಂಟೊಂದನ್ನು ತೆಗೆಸಿಕೊಂಡವನೇ. ಚೂರು ಕಸದ ಬುಟ್ಟಿ ಸೇರಿತು. ಅದು ಏನಾಗಿತ್ತೋ ಇವತ್ತಿಗೂ ಗೊತ್ತಿಲ್ಲ. ಬಗ್ ಏನೆಂದು ನೋಡದೆ ಕೋಡ್ ಡಿಲೀಟ್ ಮಾಡುವವನನ್ನು ಆಫೀಸಿನಲ್ಲಿ ಬೈಯುವ ನಾನು ಮಾಡಿದ ಕೆಲಸ ಇದು!

"ನಮ್ಮ ಕಂದು ಚರ್ಮಕ್ಕೆ ಸ್ಕಿನ್ ಕ್ಯಾನ್ಸರ್ ಬರಲ್ಲ ಬಿಡಿ" ಅನ್ನುವವರಿದ್ದಾರೆ. ಅಪರೂಪ, ನಿಜ. ಆದರೆ ಬರುವುದೇ ಇಲ್ಲ ಅನ್ನುವುದು ತಪ್ಪು. ನಮ್ಮಂಥವರಲ್ಲಿ ಮೆಲನೋಮ ಹೆಚ್ಚಾಗಿ ಕಾಣಿಸುವುದು ಅಂಗಾಲು, ಅಂಗೈ, ಉಗುರಿನಡಿಯಲ್ಲಿ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನಡಿ ಅದು ಪತ್ತೆಯಾಯಿತು. 1981ರಲ್ಲಿ ತೀರಿಕೊಂಡಾಗ ಅವರ ವಯಸ್ಸು 36, ಹೆಚ್ಚುಕಮ್ಮಿ ನನ್ನ ವಯಸ್ಸು.

ಆದ್ದರಿಂದ ನನ್ನ ವಿನಂತಿ ಇಷ್ಟೆ. ಬೆಳೆಯುವ, ಬಣ್ಣ ಬದಲಿಸುವ, ರಕ್ತ ಒಸರುವ ಮಚ್ಚೆ-ಗಂಟಿಗೆ ಸುಣ್ಣ, ದಾರ, ಬ್ಲೇಡ್, ಫ್ರೀಜಿಂಗ್ ಸ್ಪ್ರೇ ಯಾವುದೂ ಬೇಡ. 1177ಕ್ಕೆ ಫೋನ್ ಮಾಡಿ, ಡಾಕ್ಟರಿಗೆ ತೋರಿಸಲೇಬೇಕು ಅಂತ ಪಟ್ಟು ಹಿಡಿಯಿರಿ. ಊರಿನಲ್ಲೇ ತೆಗೆಸಿದರೆ ಬಯಾಪ್ಸಿಗೆ ಕಳಿಸಲು ಹೇಳಿ, ರಿಪೋರ್ಟ್ ತನ್ನಿ.

ಅಂದಹಾಗೆ, ಮಗನ ನರಹುಲಿ ಯುಗಾದಿ ಹೊತ್ತಿಗೆ ತಾನೇ ಹೋಯಿತು. ಅಮ್ಮ ಫೋನಿನಲ್ಲಿ, "ದೇವಸ್ಥಾನಕ್ಕೆ ಉಪ್ಪು-ಮೆಣಸು ಹರಕೆ ಹೊತ್ತಿದ್ದೆ ಕಣೋ" ಅಂದರು. ಇರಲಿ, ಹರಕೆಯಿಂದ ಚರ್ಮ ಸುಡುವುದಿಲ್ಲ.